ಅರೆ ಕ್ಯೂರ್ ಮಾಡಿ ಕೂಡಿಸಿದ ಎಫ್‌ಆರ್‌ಪಿ ಭಾಗಗಳ ಬಲ: ಎಲ್ಲಿ ನಿಲ್ಲಿಸಬೇಕು, ಹೇಗೆ ಅಳೆಯಬೇಕು

ತೆಳುವಾದ ಎಫ್‌ಆರ್‌ಪಿ (ನಾರುಬಟ್ಟೆಯನ್ನು ರೆಸಿನ್ ಎಂಬ ರಾಳದಲ್ಲಿ ಹಿಡಿದಿಟ್ಟು ಗಟ್ಟಿಯಾಗಿಸಿದ ಕಾಂಪೊಸಿಟ್) ಹಲಗೆಯೊಂದಕ್ಕೆ ಟಿ ಆಕಾರದ ಪಕ್ಕೆಲುಬನ್ನು ಕೂಡಿಸಬೇಕಾದಾಗ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಎರಡನ್ನೂ ಹಸಿಯಾಗಿಯೇ ಜೋಡಿಸಿ ಒಟ್ಟಿಗೆ ಕ್ಯೂರ್ ಮಾಡುವ, ಅಂದರೆ ರೆಸಿನ್ ಅನ್ನು ಗಟ್ಟಿಯಾಗಿಸುವ, ಕೋ-ಕ್ಯೂರಿಂಗ್ ಒಂದು. ಒಂದನ್ನು ಪೂರ್ತಿ ಗಟ್ಟಿಯಾಗಿಸಿ ಇನ್ನೊಂದನ್ನು ಹಸಿಯಾಗಿ ಅದಕ್ಕೆ ಕೂಡಿಸಿ ಕ್ಯೂರ್ ಮಾಡುವ ಕೋ-ಬಾಂಡಿಂಗ್ ಎರಡನೆಯದು. ಎರಡೂ ಗಟ್ಟಿಯಾದ ಮೇಲೆ ಅಂಟಿನಿಂದ ಕೂಡಿಸುವುದು ಮೂರನೆಯದು. ಮೊದಲನೆಯದರಲ್ಲಿ ಕೂಡಿಕೆ ಬಲವಾಗಿ ಬರುತ್ತದೆ, ಆದರೆ ಹಸಿ ಪಕ್ಕೆಲುಬು ಒತ್ತಡಕ್ಕೆ ವಾಲುತ್ತದೆ, ಪದರಗಳು ಜಾರುತ್ತವೆ, ಅವನ್ನು ಹಿಡಿದು ನಿಲ್ಲಿಸುವ ಅಚ್ಚು ದುಬಾರಿಯಾಗುತ್ತದೆ. ಕೊನೆಯದರಲ್ಲಿ ಅಚ್ಚು ಸುಲಭ, ಕೂಡಿಕೆಯ ಮೇಲೆ ಭರವಸೆ ಕಡಿಮೆ. ಪಕ್ಕೆಲುಬನ್ನು ತನ್ನ ಆಕಾರ ತಾನೇ ಹಿಡಿದುಕೊಳ್ಳುವಷ್ಟು ಮಾತ್ರ ಗಟ್ಟಿಯಾಗಿಸಿ, ಉಳಿದ ಕ್ಯೂರ್ ಅನ್ನು ಹಲಗೆಯ ಜೊತೆಯಲ್ಲೇ ಮುಗಿಸುವ ಅರೆ ಕ್ಯೂರಿಂಗ್ ಈ ಎರಡು ತುದಿಗಳ ನಡುವಿನ ರಾಜಿ.

ಈ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ವಿಮಾನದ ದೇಹದ ತೂಕದಲ್ಲಿ ಸುಮಾರು ಶೇ. 45 ಭಾಗ ಕಾಂಪೊಸಿಟ್. ಅದರ ಬಾಲದ ಲಂಬ ಫಿನ್ ಮತ್ತು ರಡ್ಡರ್‌ಗಳನ್ನು ಬೆಂಗಳೂರಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯವು (ಎನ್‌ಎಎಲ್) ಕೋ-ಕ್ಯೂರಿಂಗ್ ವಿಧಾನದಲ್ಲಿ ರೂಪಿಸಿತು. ರಿವೆಟ್‌ಗಳ ಸಂಖ್ಯೆ ಇಳಿಸುವುದೇ ಇಂಥ ವಿನ್ಯಾಸಗಳ ದೊಡ್ಡ ಲಾಭ, ಏಕೆಂದರೆ ಕಾಂಪೊಸಿಟ್‌ನಲ್ಲಿ ಕೊರೆದ ಪ್ರತಿಯೊಂದು ತೂತೂ ನಾರುಗಳನ್ನು ಕತ್ತರಿಸುತ್ತದೆ.

ಅರೆ ಕ್ಯೂರಿಂಗ್ ಬಗ್ಗೆ ವಿದ್ಯಾರ್ಥಿಗಳೂ ಕಾರ್ಖಾನೆಯ ಗೆಳೆಯರೂ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ಶೇಕಡಾ ಎಷ್ಟು ಕ್ಯೂರ್ ಮಾಡಿದರೆ ಬಲ ಎಷ್ಟು ಇಳಿಯುತ್ತದೆ? ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯೇ ಸ್ವಲ್ಪ ಓರೆಯಾಗಿದೆ. ಬಲವನ್ನು ನಿರ್ಧರಿಸುವುದು ಆ ಅಂಕಿಗಿಂತ ಹೆಚ್ಚಾಗಿ, ನೀವು ಕ್ಯೂರ್ ಅನ್ನು ಜೆಲ್ ಘಟ್ಟದ (ರೆಸಿನ್ ಹರಿಯುವುದು ನಿಲ್ಲುವ ಹಂತ) ಯಾವ ಮಗ್ಗುಲಲ್ಲಿ ನಿಲ್ಲಿಸಿದಿರಿ ಎಂಬುದು ಮತ್ತು ಎರಡನೇ ಕ್ಯೂರ್‌ನಲ್ಲಿ ಕೂಡುಮುಖಕ್ಕೆ ಏನಾಯಿತು ಎಂಬುದು. ಕೂಡುಮುಖ ಎಂದರೆ ಅರೆ ಕ್ಯೂರ್ ಆದ ಭಾಗವೂ ಹಸಿ ಭಾಗವೂ ಸಂಧಿಸುವ ಮೇಲ್ಮೈ. ಈ ಮಾರ್ಗದರ್ಶಿಯಲ್ಲಿ 120ರಿಂದ 125 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕ್ಯೂರ್ ಆಗುವ ಗಾಜುಬಟ್ಟೆ-ಎಪಾಕ್ಸಿ ಪ್ರಿಪ್ರೆಗ್ (ಮೊದಲೇ ರೆಸಿನ್ ಉಣಿಸಿದ ಬಟ್ಟೆ) ಅನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕಾರ್ಬನ್ ಬಟ್ಟೆಗೂ ಕ್ರಮ ಬಹುಪಾಲು ಇದೇ.

ಜೆಲ್ ಬೇರೆ, ಗಾಜುಗಟ್ಟುವುದು ಬೇರೆ

ಎಪಾಕ್ಸಿ ರೆಸಿನ್ ಗಟ್ಟಿಯಾಗುವ ಹಾದಿಯಲ್ಲಿ ಎರಡು ಘಟ್ಟಗಳಿವೆ. ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತ, ಪಾತ್ರೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಲೆಯಾಗುವ ಕ್ಷಣ ಜೆಲ್. ಅಲ್ಲಿಂದ ಮುಂದೆ ಎಷ್ಟೇ ಬಿಸಿ ಮಾಡಿದರೂ ರೆಸಿನ್ ಹರಿಯುವುದಿಲ್ಲ. ಗಾಜುಗಟ್ಟುವುದು ಇದಕ್ಕಿಂತ ಬೇರೆ: ರೆಸಿನ್‌ನ ಗಾಜುಸ್ಥಿತಿ ಉಷ್ಣಾಂಶ, ಅಂದರೆ ಟಿಜಿ, ಅದು ಇರುವ ತಾಪವನ್ನು ದಾಟಿದಾಗ ಅಣುಗಳ ಓಡಾಟ ನಿಂತು ವಸ್ತು ಗಡುಸಾಗುತ್ತದೆ. ಜೆಲ್ ಆದದ್ದನ್ನು ಹಿಂದಕ್ಕೆ ತರಲಾಗದು. ಗಾಜುಗಟ್ಟಿದ್ದು ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಈ ವ್ಯತ್ಯಾಸವನ್ನು ನಾನು ಕಲಿತದ್ದು ಒಂದು ಹಲಗೆ ಹಾಳಾದ ಮೇಲೆ. ಡಿಸೆಂಬರ್‌ನ ಒಂದು ಬೆಳಗ್ಗೆ, ಹಿಂದಿನ ದಿನ ಅರೆ ಕ್ಯೂರ್ ಮಾಡಿಟ್ಟಿದ್ದ ಪಕ್ಕೆಲುಬನ್ನು ಉಗುರಿನಿಂದ ಒತ್ತಿ ನೋಡಿದೆ. ಗೀರು ಬೀಳಲಿಲ್ಲ, ತಟ್ಟಿದರೆ ಠಣ್ ಎಂದಿತು. ಜೆಲ್ ದಾಟಿದೆ ಎಂದುಕೊಂಡು ಆಧಾರದ ಬ್ಲಾಕ್‌ಗಳಿಲ್ಲದೆ ಹಲಗೆಯ ಮೇಲೆ ನಿಲ್ಲಿಸಿ ವ್ಯಾಕ್ಯೂಮ್ ಬ್ಯಾಗ್ (ಒಳಗಿನ ಗಾಳಿ ಎಳೆದು ಹೊರಗಿನ ವಾಯುಭಾರದಿಂದ ಒತ್ತುವ ಚೀಲ) ಹಾಕಿದೆ. ಓವನ್ 70 ಡಿಗ್ರಿ ದಾಟುತ್ತಿದ್ದಂತೆ ಪಕ್ಕೆಲುಬು ಮಗ್ಗುಲಿಗೆ ಮಲಗಿತು, ರೆಸಿನ್ ಬ್ಯಾಗ್ ಒಳಗೆ ಗಾಳಿಗೆ ದಾರಿ ಕೊಡುವ ಬ್ರೀದರ್ ಬಟ್ಟೆಯ ತುಂಬ ಹರಿದಿತ್ತು. ಅದು ಜೆಲ್ ಆಗಿರಲೇ ಇಲ್ಲ. ಬೆಳಗಿನ ಚಳಿಗೆ ಟಿಜಿ ಕೋಣೆಯ ತಾಪಕ್ಕಿಂತ ಮೇಲಿದ್ದುದರಿಂದ ಗಾಜಿನಂತೆ ಗಡುಸಾಗಿತ್ತು, ಅಷ್ಟೇ. ಉಗುರಿನ ಪರೀಕ್ಷೆ ಕ್ಯೂರ್ ಪ್ರಮಾಣವನ್ನು ಹೇಳುವುದಿಲ್ಲ.

ಜೆಲ್ ಘಟ್ಟವನ್ನು ಕಣ್ಣಾರೆ ಕಾಣುವ ಸರಳ ವಿಧಾನ ನಮ್ಮ ಅಡುಗೆಮನೆಗೆ ಪರಿಚಿತವೇ. ಬೆಲ್ಲದ ಪಾಕದ ಹದವನ್ನು ಎಳೆ ತೆಗೆದು ನೋಡುವಂತೆ, ಬಿಸಿ ತಟ್ಟೆಯ ಮೇಲಿನ ರೆಸಿನ್‌ಗೆ ಕಡ್ಡಿ ಅದ್ದಿ ಎತ್ತುತ್ತಿರಬೇಕು. ಮೊದಲು ತೊಟ್ಟಿಕ್ಕುತ್ತದೆ, ಆಮೇಲೆ ಎಳೆ ಬರುತ್ತದೆ, ಎಳೆ ಉದ್ದವಾಗುತ್ತ ಹೋಗುತ್ತದೆ. ಒಂದು ಹಂತದಲ್ಲಿ ಎಳೆ ಬರುವುದೇ ನಿಂತು, ಕಡ್ಡಿಗೆ ರಬ್ಬರಿನ ಹಾಗೆ ಎದುರೆಳೆತ ಸಿಗುತ್ತದೆ. ಅದೇ ಜೆಲ್. ಪ್ರಿಪ್ರೆಗ್‌ನ ಜೆಲ್ ಸಮಯಕ್ಕಿರುವ ಎಎಸ್‌ಟಿಎಂ ಡಿ 3532 (ಅಮೆರಿಕದ ಮಾನಕ ಸಂಸ್ಥೆಯದ್ದು) ಮಾನಕವೂ ಮೂಲತಃ ಈ ಚುಚ್ಚಿ ನೋಡುವ ಕೆಲಸವನ್ನೇ ಕ್ರಮಬದ್ಧಗೊಳಿಸುತ್ತದೆ. ಪಾಕಕ್ಕೂ ಇದಕ್ಕೂ ಒಂದು ಭೇದವಿದೆ: ಪಾಕ ಏರುವುದು ನೀರು ಆರಿ, ರೆಸಿನ್ ಏರುವುದು ಅಣುಗಳು ಕೂಡಿ, ಹಾಗಾಗಿ ರೆಸಿನ್‌ಗೆ ನೀರೋ ಥಿನ್ನರೋ ಸೇರಿಸಿ ಹದವನ್ನು ಹಿಂದಕ್ಕೆ ತರಲಾಗುವುದಿಲ್ಲ.

ಸಿದ್ಧಾಂತದಿಂದಲೂ ಒಂದು ಅಂದಾಜು ಸಿಗುತ್ತದೆ. ಪಾಲ್ ಫ್ಲೋರಿ ಮತ್ತು ವಾಲ್ಟರ್ ಸ್ಟಾಕ್‌ಮೇಯರ್ 1940ರ ದಶಕದಲ್ಲಿ ಕೊಟ್ಟ ಲೆಕ್ಕದಂತೆ, ಎರಡು ಎಪಾಕ್ಸಿ ಗುಂಪುಗಳ ರೆಸಿನ್ ಮತ್ತು ನಾಲ್ಕು ಸಕ್ರಿಯ ಹೈಡ್ರೋಜನ್‌ಗಳ ಅಮೀನ್ (ಗಟ್ಟಿಕಾರಕ) ಸಮಪ್ರಮಾಣದಲ್ಲಿದ್ದರೆ ಜೆಲ್ ಆಗುವುದು ಸುಮಾರು ಶೇ. 58 ಕ್ಯೂರ್‌ನಲ್ಲಿ; ವಿಮಾನದರ್ಜೆಯ ನಾಲ್ಕು ಗುಂಪುಗಳ ಎಪಾಕ್ಸಿ ಮತ್ತು ಅದೇ ಬಗೆಯ ಅಮೀನ್ ಆದರೆ ಸುಮಾರು ಶೇ. 33ರಲ್ಲಿ. ನಿಜವಾದ ರೆಸಿನ್ ಈ ಆದರ್ಶ ಲೆಕ್ಕದಿಂದ ಆಚೀಚೆ ಹೋಗುತ್ತದೆ. 120 ಡಿಗ್ರಿಯ ಪ್ರಿಪ್ರೆಗ್‌ಗಳಲ್ಲಿ ಸಾಮಾನ್ಯವಾಗಿರುವ ಡೈಸಿಯಾಂಡೈಅಮೈಡ್ ಗಟ್ಟಿಕಾರಕಕ್ಕೆ ಈ ಸೂತ್ರ ನೇರವಾಗಿ ಕೂರುವುದೂ ಇಲ್ಲ. ಆದರೂ ಒಂದು ವಿಷಯ ಸ್ಪಷ್ಟ: ಒಂದು ರೆಸಿನ್‌ಗೆ ಶೇ. 45 ಎಂಬುದು ಜೆಲ್‌ಗೆ ಬಹಳ ಮೊದಲು, ಇನ್ನೊಂದಕ್ಕೆ ಜೆಲ್ ದಾಟಿದ ಮೇಲೆ. ಬೇರೆಯವರ ಪ್ರಬಂಧದಿಂದ ಅಂಕಿ ಎತ್ತಿಕೊಂಡು ನಿಮ್ಮ ಪ್ರಿಪ್ರೆಗ್‌ಗೆ ಹಚ್ಚಬಾರದೆನ್ನುವುದು ಇದಕ್ಕಾಗಿ.

ಹಂತ 1: ಕ್ಯೂರ್ ಪ್ರಮಾಣವನ್ನು ಅಳೆಯುವುದು

ಡಿಎಸ್‌ಸಿ (ಬಿಸಿ ಮಾಡುವಾಗ ಮಾದರಿ ಬಿಡುವ ಅಥವಾ ಹೀರುವ ಶಾಖವನ್ನು ಅಳೆಯುವ) ಯಂತ್ರದಲ್ಲಿ 5ರಿಂದ 10 ಮಿಲಿಗ್ರಾಂ ಮಾದರಿಯನ್ನು ನಿಮಿಷಕ್ಕೆ 10 ಡಿಗ್ರಿಯಂತೆ ಬಿಸಿ ಮಾಡಿ, ಹೊರಬರುವ ಶಾಖವನ್ನು ಅಳೆಯಿರಿ. ಹಸಿ ಪ್ರಿಪ್ರೆಗ್ ಬಿಟ್ಟ ಶಾಖ ಒಟ್ಟು ಶಾಖ. ಅರೆ ಕ್ಯೂರ್ ಆದ ಮಾದರಿ ಬಿಟ್ಟದ್ದು ಉಳಿಕೆ ಶಾಖ. ಉಳಿಕೆಯನ್ನು ಒಟ್ಟಿನಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದರೆ ಕ್ಯೂರ್ ಪ್ರಮಾಣ ಸಿಗುತ್ತದೆ.

ಇಷ್ಟು ಎಲ್ಲರಿಗೂ ಗೊತ್ತು. ತಪ್ಪು ನಡೆಯುವುದು ರೆಸಿನ್ ಪಾಲಿನ ಲೆಕ್ಕದಲ್ಲಿ. ಶಾಖ ಬಿಡುವುದು ರೆಸಿನ್ ಮಾತ್ರ, ಗಾಜಿನ ನಾರು ಸುಮ್ಮನೆ ತೂಕ ಕೊಡುತ್ತದೆ. ಅರೆ ಕ್ಯೂರಿಂಗ್‌ನಲ್ಲಿ ರೆಸಿನ್ ಸೋರಿ ಹೋಗುವುದರಿಂದ ಮೊದಲಿನ ಮಾದರಿಯಲ್ಲಿದ್ದ ಪಾಲು ನಂತರದಲ್ಲಿ ಇರುವುದಿಲ್ಲ. ಒಂದು ಲೆಕ್ಕ ನೋಡಿ. ಹಸಿ ಪ್ರಿಪ್ರೆಗ್‌ನಲ್ಲಿ ತೂಕದ ಶೇ. 40 ರೆಸಿನ್ ಇದ್ದು, ಅದು ಗ್ರಾಂಗೆ 160 ಜೂಲ್ ಕೊಟ್ಟಿತು ಎಂದುಕೊಳ್ಳಿ. ಅಂದರೆ ಒಂದು ಗ್ರಾಂ ರೆಸಿನ್‌ಗೆ 400 ಜೂಲ್. ಅರೆ ಕ್ಯೂರ್ ಆದ ಮೇಲೆ ಉಳಿಕೆ ಶಾಖ ಗ್ರಾಂಗೆ 85 ಜೂಲ್ ಬಂತು. ನೇರವಾಗಿ ಭಾಗಿಸಿದರೆ ಕ್ಯೂರ್ ಪ್ರಮಾಣ ಶೇ. 47. ಆದರೆ ಅಷ್ಟರಲ್ಲಿ ರೆಸಿನ್ ಸೋರಿ ಶೇ. 34ಕ್ಕೆ ಇಳಿದಿದ್ದರೆ, ಗ್ರಾಂ ರೆಸಿನ್‌ಗೆ ಉಳಿಕೆ 250 ಜೂಲ್ ಆಗುತ್ತದೆ, ನಿಜವಾದ ಕ್ಯೂರ್ ಪ್ರಮಾಣ ಶೇ. 37.5. ಜೆಲ್ ಶೇ. 42ರ ಸುಮಾರಿಗಿದ್ದರೆ, ಈ ಒಂದು ತಪ್ಪಿನಿಂದ ಜೆಲ್‌ಗೆ ಮೊದಲಿನ ಮಾದರಿಯನ್ನು ಜೆಲ್ ನಂತರದ್ದೆಂದು ಬರೆದಿರುತ್ತೀರಿ.

ಅದಕ್ಕಾಗಿ ಡಿಎಸ್‌ಸಿ ಮಾಡಿದ ಜಾಗದ ಪಕ್ಕದಲ್ಲೇ ಒಂದು ತುಂಡು ಕತ್ತರಿಸಿ ರೆಸಿನ್ ಪಾಲನ್ನು ಕಂಡುಕೊಳ್ಳಿ. ಗಾಜಿನ ನಾರಿಗೆ ಇದು ಸುಲಭ: ಎಎಸ್‌ಟಿಎಂ ಡಿ 2584ರಂತೆ ಮಫಲ್ ಕುಲುಮೆಯಲ್ಲಿ 565 ಡಿಗ್ರಿಯಲ್ಲಿ ರೆಸಿನ್ ಸುಟ್ಟು, ಉಳಿದ ಗಾಜನ್ನು ತೂಗಿದರೆ ಆಯಿತು. ಕಾರ್ಬನ್ ನಾರು ಆ ತಾಪದಲ್ಲಿ ತಾನೂ ಉರಿಯುತ್ತದಾದ್ದರಿಂದ ಅದಕ್ಕೆ ಆಮ್ಲದಲ್ಲಿ ಕರಗಿಸುವ ವಿಧಾನವೇ ಗತಿ. ಹತ್ತು ಮಿಲಿಗ್ರಾಂ ಎಂದರೆ ಬಟ್ಟೆಯ ಕೆಲವೇ ಎಳೆಗಳು. ಒಂದೇ ಹಲಗೆಯಿಂದ ಮೂರು ಜಾಗದ ಮಾದರಿಗಳನ್ನಾದರೂ ಓಡಿಸಿ.

ಕ್ಯೂರ್ ಪೂರ್ಣತೆಗೆ ಹತ್ತಿರ ಬಂದಾಗ, ಅಂದರೆ ಶೇ. 95ರಾಚೆಗೆ, ಉಳಿಕೆ ಶಾಖ ತೀರ ಸಣ್ಣದಾಗಿ ಅಳತೆ ಮಂಕಾಗುತ್ತದೆ. ಆ ವಲಯದಲ್ಲಿ ಟಿಜಿ ಹೆಚ್ಚು ಚುರುಕಾದ ಸಾಕ್ಷಿ, ಏಕೆಂದರೆ ಕೊನೆಯ ಕೆಲವು ಶೇಕಡಾ ಕ್ಯೂರ್‌ಗೆ ಅದು ಹಲವು ಡಿಗ್ರಿ ಏರುತ್ತದೆ. ಡಿಎಸ್‌ಸಿ ಕೈಗೆಟುಕದವರು ಕಡ್ಡಿಯ ಪರೀಕ್ಷೆಯಿಂದ ಜೆಲ್ ಸಮಯವನ್ನು ಹಿಡಿದು, ಅದರ ಕಾಲು, ಅರ್ಧ, ಒಂದು, ಒಂದೂವರೆ ಪಟ್ಟು ಸಮಯಗಳಲ್ಲಿ ಹಲಗೆ ಮಾಡಬಹುದು. ಶೇಕಡಾ ಅಂಕಿ ಸಿಗದಿದ್ದರೂ ಘಟ್ಟದ ಯಾವ ಮಗ್ಗುಲಲ್ಲಿದ್ದೀರಿ ಎಂಬುದು ತಿಳಿಯುತ್ತದೆ, ಬಲದ ದೃಷ್ಟಿಯಿಂದ ಬೇಕಾದದ್ದೂ ಅದೇ.

ಹಂತ 2: ನಿಲ್ಲಿಸುವ ಜಾಗಗಳನ್ನು ಆರಿಸುವುದು

ಐದು ಹಲಗೆಗಳು ಸಾಕು: ಅರೆ ಕ್ಯೂರ್ ಇಲ್ಲದ್ದು, ಜೆಲ್‌ಗೆ ಸಾಕಷ್ಟು ಮೊದಲು ನಿಲ್ಲಿಸಿದ್ದು, ಜೆಲ್ ಆದ ತಕ್ಷಣ ನಿಲ್ಲಿಸಿದ್ದು, ಜೆಲ್ ದಾಟಿ ಇನ್ನೂ ಸಾಕಷ್ಟು ಕ್ಯೂರ್ ಬಾಕಿ ಇರುವುದು, ಪೂರ್ತಿ ಕ್ಯೂರ್ ಆದದ್ದು. ಶೇ. 10, 20, 30 ಎಂದು ಸಮ ಅಂತರದಲ್ಲಿ ಹತ್ತು ಹಲಗೆ ಮಾಡುವುದಕ್ಕಿಂತ ಜೆಲ್‌ನ ಸುತ್ತ ಮೂರು ಹಲಗೆಗಳನ್ನು ಎಚ್ಚರದಿಂದ ಮಾಡುವುದು ಲೇಸು.

ಅರೆ ಕ್ಯೂರಿಂಗ್ ತಾಪವನ್ನು ಅಂತಿಮ ತಾಪಕ್ಕಿಂತ 25ರಿಂದ 35 ಡಿಗ್ರಿ ಕಡಿಮೆ ಇಡಿ. 125 ಡಿಗ್ರಿಯ ಪ್ರಿಪ್ರೆಗ್‌ಗೆ 90 ಡಿಗ್ರಿ ಎನ್ನೋಣ. ಅಲ್ಲಿ ಕ್ರಿಯೆ ನಿಧಾನವಾಗಿ ಸಾಗುವುದರಿಂದ ಬೇಕಾದಲ್ಲಿ ನಿಲ್ಲಿಸಲು ಸಮಯ ಸಿಗುತ್ತದೆ. ಎಷ್ಟು ನಿಧಾನ ಎಂಬುದನ್ನು ಲೆಕ್ಕ ಹಾಕಬಹುದು: ಕ್ರಿಯೆಯ ಸಕ್ರಿಯಣ ಶಕ್ತಿ ಮೋಲ್‌ಗೆ 70 ಕಿಲೋಜೂಲ್ ಎಂದಿಟ್ಟುಕೊಂಡರೆ, 90 ಡಿಗ್ರಿಗಿಂತ 100 ಡಿಗ್ರಿಯಲ್ಲಿ ಅದು ಸುಮಾರು 1.9 ಪಟ್ಟು ವೇಗವಾಗಿ ಸಾಗುತ್ತದೆ. ಐದೇ ಡಿಗ್ರಿ ಹೆಚ್ಚಾದರೂ 1.37 ಪಟ್ಟು. ಅಂದರೆ ಓವನ್‌ನ ಒಂದು ಮೂಲೆ 95 ಡಿಗ್ರಿ ಇದ್ದರೆ, ಅಲ್ಲಿನ ಹಲಗೆಗೆ ನೀವು ಕೊಟ್ಟ 40 ನಿಮಿಷ ಸುಮಾರು 55 ನಿಮಿಷದ ಲೆಕ್ಕಕ್ಕೆ ಬರುತ್ತದೆ. ಗಡಿಯಾರ ನೋಡಿ ಅರೆ ಕ್ಯೂರ್ ಮಾಡುವವರ ಫಲಿತಾಂಶಗಳು ಒಂದು ಬ್ಯಾಚ್‌ನಿಂದ ಇನ್ನೊಂದಕ್ಕೆ ಹೊಂದದಿರುವುದಕ್ಕೆ ಬಹುಪಾಲು ಇದೇ ಕಾರಣ. ತಾಪ ಅಳೆಯುವ ಥರ್ಮೋಕಪಲ್ ತಂತಿಯ ತುದಿ ಹಲಗೆಯ ಅಂಚಿನ ಪದರಗಳ ನಡುವೆ ಇರಬೇಕು, ಓವನ್‌ನ ಗಾಳಿಯಲ್ಲಿ ಅಲ್ಲ. ದಪ್ಪ ಅಲ್ಯೂಮಿನಿಯಂ ಅಚ್ಚು ಗಾಳಿಗಿಂತ ಎಷ್ಟೋ ನಿಮಿಷ ತಡವಾಗಿ ಬಿಸಿಯಾಗುತ್ತದೆ, ಅಷ್ಟೇ ತಡವಾಗಿ ತಣಿಯುತ್ತದೆ.

ಮೊದಲು ಅಂಗೈಯಗಲದ ನಾಲ್ಕಾರು ತುಂಡುಗಳನ್ನು ಬೇರೆ ಬೇರೆ ಅವಧಿಗೆ 90 ಡಿಗ್ರಿಯಲ್ಲಿಟ್ಟು, ತಣ್ಣನೆಯ ಅಲ್ಯೂಮಿನಿಯಂ ಫಲಕದ ಮೇಲೆ ಹಾಕಿ ಕ್ರಿಯೆ ನಿಲ್ಲಿಸಿ, ಡಿಎಸ್‌ಸಿಯಲ್ಲಿ ಅಳೆದು ಅವಧಿ ಮತ್ತು ಕ್ಯೂರ್ ಪ್ರಮಾಣದ ರೇಖೆ ಎಳೆದುಕೊಳ್ಳಿ. ಹಲಗೆಗಳ ಅವಧಿಯನ್ನು ಆ ರೇಖೆಯಿಂದ ಆರಿಸಿ.

ಹಂತ 3: ಹಲಗೆಗಳನ್ನು ಮಾಡುವುದು

ಇಲ್ಲಿ ವಿನ್ಯಾಸದ ಒಂದು ಉಪಾಯವಿದೆ. ಪದರವೊಂದಕ್ಕೆ ಸುಮಾರು 0.25 ಮಿ.ಮೀ. ದಪ್ಪ ಕೊಡುವ ಬಟ್ಟೆಯ 16 ಪದರಗಳಿಂದ 4 ಮಿ.ಮೀ. ಹಲಗೆ ಮಾಡಿ, ಅದರಲ್ಲಿ 8 ಪದರಗಳ ಅರ್ಧವನ್ನು ಅರೆ ಕ್ಯೂರ್ ಮಾಡಿ, ಉಳಿದ 8 ಹಸಿ ಪದರಗಳನ್ನು ಅದರ ಮೇಲೆ ಹೇರಿ. ಆಗ ಕೂಡುಮುಖ ಸರಿಯಾಗಿ ದಪ್ಪದ ನಟ್ಟನಡುವೆ ಬರುತ್ತದೆ. ಬಾಗಿಸಿದ ತೊಲೆಯಲ್ಲಿ ಶಿಯರ್ ಒತ್ತಡ, ಅಂದರೆ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಡ, ಗರಿಷ್ಠವಾಗುವುದು ಅಲ್ಲಿಯೇ, ಹಾಗಾಗಿ ದುರ್ಬಲ ಕೂಡುಮುಖ ಬಚ್ಚಿಟ್ಟುಕೊಳ್ಳಲಾರದು.

ಅರೆ ಕ್ಯೂರ್ ಮಾಡುವ ಅರ್ಧಕ್ಕೆ ಮೂರು ನಾಲ್ಕು ಪದರಗಳಿಗೊಮ್ಮೆ ವ್ಯಾಕ್ಯೂಮ್ ಹಾಕಿ ಹತ್ತು ಹದಿನೈದು ನಿಮಿಷ ಗಾಳಿ ತೆಗೆಯಿರಿ. ಒತ್ತಡ ಜೆಲ್‌ಗೆ ಮೊದಲೇ ಪೂರ್ತಿ ಬಂದಿರಬೇಕು. ಅರೆ ಕ್ಯೂರ್ ತಾನೆ ಎಂದು ವ್ಯಾಕ್ಯೂಮ್ ಇಲ್ಲದೆ ಓವನ್‌ನಲ್ಲಿಟ್ಟು, ಒತ್ತಡವನ್ನು ಎರಡನೇ ಕ್ಯೂರ್‌ಗೆ ಉಳಿಸಿಕೊಳ್ಳುವವರಿದ್ದಾರೆ. ಜೆಲ್ ದಾಟಿದ ಹಲಗೆಯೊಳಗಿನ ಗುಳ್ಳೆಗಳನ್ನು ಆಮೇಲೆ ಎಷ್ಟು ಒತ್ತಡ ಕೊಟ್ಟರೂ ಹೊರಗಟ್ಟಲಾಗುವುದಿಲ್ಲ. ಗುಳ್ಳೆಯ ಪ್ರಮಾಣ ಪ್ರತಿ ಶೇ. 1 ಏರಿದಾಗ ಪದರಗಳ ನಡುವಿನ ಶಿಯರ್ ಬಲ ಸುಮಾರು ಶೇ. 7 ಇಳಿಯುತ್ತದೆ ಎಂಬುದು, ಶೇ. 4ರಷ್ಟು ಗುಳ್ಳೆಯವರೆಗೆ, ಈ ಕ್ಷೇತ್ರದಲ್ಲಿ ಬಹುವಾಗಿ ಬಳಕೆಯಲ್ಲಿರುವ ಅಂದಾಜು. ಎರಡು ಶೇಕಡಾ ಗುಳ್ಳೆಯಿಂದಲೇ ಬಲ ಇಷ್ಟು ಇಳಿದರೆ, ಅದನ್ನು ಅರೆ ಕ್ಯೂರಿಂಗ್‌ನ ಪರಿಣಾಮವೆಂದು ಓದುವ ಅಪಾಯ ದೊಡ್ಡದು.

ವ್ಯಾಕ್ಯೂಮ್ ಮಾಪಕದ ಬಗ್ಗೆ ಬೆಂಗಳೂರಿನವರಿಗೆ ಒಂದು ಮಾತು. ಹೊರದೇಶದ ಕೈಪಿಡಿಗಳು ಪಾದರಸದ 28 ಅಂಗುಲ, ಅಂದರೆ 711 ಮಿ.ಮೀ. ವ್ಯಾಕ್ಯೂಮ್ ಕೇಳುತ್ತವೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ನಮ್ಮಲ್ಲಿ ವಾಯುಭಾರವೇ ಸುಮಾರು 680 ಮಿ.ಮೀ. ಪಂಪನ್ನೂ ಸೀಲಂಟ್ ಟೇಪನ್ನೂ ದೂಷಿಸುತ್ತ ದಿನ ಕಳೆಯಬೇಡಿ; ಮಂಗಳೂರಿನಲ್ಲಿ ಸಿಗುವ ಓದು ಇಲ್ಲಿ ಸಿಗುವುದಿಲ್ಲ. ನೋಡಬೇಕಾದದ್ದು ಸೋರಿಕೆಯನ್ನು: ಪಂಪ್ ಮುಚ್ಚಿದ ಮೇಲೆ ಐದು ನಿಮಿಷದಲ್ಲಿ ಮುಳ್ಳು ಎಷ್ಟು ಇಳಿಯಿತು ಎಂಬುದನ್ನು.

ಕೂಡುಮುಖವಾಗಲಿರುವ ಮೇಲ್ಮೈಗೆ ಎಲ್ಲ ಹಲಗೆಗಳಲ್ಲೂ ಒಂದೇ ಬಗೆಯ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ) ಹಾಕಿ, ಸಿಲಿಕೋನ್ ಲೇಪನವಿಲ್ಲದ್ದು. ಬಿರುಕಿನ ಪರೀಕ್ಷೆಗಾಗಿ ಹಲಗೆಯ ಒಂದು ಅಂಚಿನಲ್ಲಿ, ಕೂಡುಮುಖದ ಮೇಲೆಯೇ, 13 ಮೈಕ್ರಾನ್‌ಗಿಂತ ದಪ್ಪವಿಲ್ಲದ ಟೆಫ್ಲಾನ್ ಹಾಳೆಯನ್ನು ಸೇರಿಸಬೇಕು. ಹೋಲಿಕೆಯ ಹಲಗೆಯಲ್ಲಿಯೂ, ಅಂದರೆ 16 ಪದರಗಳನ್ನೂ ಒಟ್ಟಿಗೆ ಕ್ಯೂರ್ ಮಾಡಿದ್ದರಲ್ಲಿಯೂ, ಅದೇ ಜಾಗದಲ್ಲಿ ಅದೇ ಹಾಳೆ ಇರಲಿ.

ಹಂತ 4: ಎರಡು ಕ್ಯೂರ್‌ಗಳ ನಡುವಿನ ಕಾಯುವಿಕೆ

ಅರೆ ಕ್ಯೂರ್ ಆದ ಅರ್ಧವನ್ನು ಅದೇ ದಿನ ಬಳಸುವುದು ಒಳ್ಳೆಯದು. ಆಗದಿದ್ದರೆ ಪೀಲ್ ಪ್ಲೈ ತೆಗೆಯದೆ, ಸೀಲ್ ಮಾಡಿದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿಡಿ, ಮತ್ತು ಹೊರತೆಗೆದ ಮೇಲೆ ಕೋಣೆಯ ತಾಪಕ್ಕೆ ಬರುವವರೆಗೆ ಚೀಲವನ್ನು ತೆರೆಯಬೇಡಿ. ತಣ್ಣನೆಯ ಹಲಗೆಯ ಮೇಲೆ ಗಾಳಿಯ ತೇವ ಇಬ್ಬನಿಯಂತೆ ಕೂರುತ್ತದೆ. ಆಷಾಢದ ಕರಾವಳಿಯಲ್ಲಂತೂ ನಿಮಿಷಗಳು ಸಾಕು. ಆ ನೀರು ಮುಂದೆ ಏನು ಮಾಡುತ್ತದೆ ಎಂಬುದಕ್ಕೆ ಒಂದು ಅಂಕಿ: 120 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡ ಸುಮಾರು 2 ಬಾರ್. ವ್ಯಾಕ್ಯೂಮ್ ಬ್ಯಾಗ್ ಒಂದೇ ಕೊಡಬಲ್ಲದ್ದು ಒಂದು ಬಾರ್‌ಗಿಂತ ಕಡಿಮೆ. ಕೂಡುಮುಖದಲ್ಲಿ ಸಿಕ್ಕಿಕೊಂಡ ತೇವ ಅಲ್ಲಿಯೇ ಗುಳ್ಳೆಯಾಗಿ ಅರಳುತ್ತದೆ.

ಕೈ ಲೇಅಪ್ (ಒಣ ಬಟ್ಟೆಗೆ ಕೈಯಿಂದ ರೆಸಿನ್ ಬಳಿದು ಪದರ ಹೇರುವುದು) ಮಾಡುವವರಿಗೆ ಇಲ್ಲೊಂದು ಉಪಕಥೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲ್ಲೆಲ್ಲೂ ಕಾಣುವ ಎಲ್‌ವೈ 556 ರೆಸಿನ್ ಮತ್ತು ಎಚ್‌ವೈ 951 ಹಾರ್ಡ್‌ನರ್ ಜೋಡಿ ಕೋಣೆಯ ತಾಪದಲ್ಲೇ ಕ್ಯೂರ್ ಆಗುವಂಥದ್ದು. ಅದನ್ನು ಅರೆ ಕ್ಯೂರ್‌ನಲ್ಲಿ ನಿಲ್ಲಿಸಿಟ್ಟುಕೊಳ್ಳಲಾಗದು; ಮೇಜಿನ ಮೇಲಿದ್ದಷ್ಟು ಹೊತ್ತೂ ಅದು ಮುಂದುವರಿಯುತ್ತಿರುತ್ತದೆ. ಇವತ್ತು ನಾಲ್ಕು ಪದರ, ನಾಳೆ ನಾಲ್ಕು ಪದರ ಹಾಕುವ ಅಭ್ಯಾಸವಿದ್ದರೆ, ರಾತ್ರಿಯಿಡೀ ತೇವದ ಗಾಳಿಯಲ್ಲಿ ಅಮೀನ್ ಮೇಲ್ಮೈಗೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನೊಡನೆ ಸೇರಿ ಜಿಡ್ಡಿನಂಥ ಪೊರೆ ಕಟ್ಟಿರುತ್ತದೆ. ಇದನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಮರಳುಕಾಗದ ಹಾಕಬೇಕು. ನೇರವಾಗಿ ಉಜ್ಜಿದರೆ ಜಿಡ್ಡು ಒಳಗೇ ಹರಡುತ್ತದೆ.

ಹಂತ 5: ಎರಡನೇ ಕ್ಯೂರ್

ಪೀಲ್ ಪ್ಲೈ ಕಿತ್ತ ತಕ್ಷಣ ಹಸಿ ಪದರಗಳನ್ನು ಹೇರಿ, ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ ಏರಿಸಿ, ತಯಾರಕರು ಹೇಳಿದ ಅಂತಿಮ ತಾಪ ಮತ್ತು ಅವಧಿ ಕೊಡಿ. ಎಲ್ಲ ಐದು ಹಲಗೆಗಳಿಗೂ ಒಂದೇ ಚಕ್ರ, ಸಾಧ್ಯವಾದರೆ ಒಂದೇ ಓವನ್‌ನಲ್ಲಿ ಒಂದೇ ಬಾರಿ. ಒತ್ತಡವನ್ನು 60 ಡಿಗ್ರಿಗೆ ತಣಿಯುವವರೆಗೆ ಬಿಡಬೇಡಿ.

ಕೂಡುಮುಖದಲ್ಲಿ ಆಗ ನಡೆಯುವುದನ್ನು ಕಲ್ಪಿಸಿಕೊಳ್ಳಿ. ಜೆಲ್‌ಗೆ ಮೊದಲು ನಿಲ್ಲಿಸಿದ ಅರ್ಧ ಬಿಸಿಗೆ ಕರಗಿ, ಎರಡೂ ಕಡೆಯ ಅಣುಗಳು ಗಡಿ ದಾಟಿ ಬೆರೆಯುತ್ತವೆ. ಕ್ಯೂರ್ ಮುಗಿದ ಮೇಲೆ ಗಡಿ ಎಲ್ಲಿತ್ತೆಂದು ಸೂಕ್ಷ್ಮದರ್ಶಕದಲ್ಲಿಯೂ ಹುಡುಕಬೇಕಾಗುತ್ತದೆ. ಜೆಲ್ ದಾಟಿದ ಅರ್ಧದಲ್ಲಿ ಬಲೆ ಅಲುಗುವುದಿಲ್ಲ, ಆದರೆ ಹಸಿ ಕಡೆಯ ಸಣ್ಣ ಅಣುಗಳು ಅದರ ಕಣ್ಣುಗಳೊಳಗೆ ಸ್ವಲ್ಪ ದೂರ ನುಸುಳುತ್ತವೆ, ಉಳಿದ ಎಪಾಕ್ಸಿ ಗುಂಪುಗಳ ಜೊತೆ ರಾಸಾಯನಿಕವಾಗಿ ಕೂಡುತ್ತವೆ. ಪೂರ್ತಿ ಕ್ಯೂರ್ ಆದದ್ದರಲ್ಲಿ ನುಸುಳಲು ಜಾಗವೂ ಇಲ್ಲ, ಕೂಡಲು ಗುಂಪುಗಳೂ ಹೆಚ್ಚಿಲ್ಲ. ಹಳೇ ಗೋಡೆಗೆ ಹೊಸ ಗಾರೆ ಬಳಿದಂತೆ, ಮೇಲ್ಮೈಯ ಒರಟುತನ ಮತ್ತು ಶುಚಿಯೇ ಆಧಾರ.

ಹಲಗೆ ತಣಿದ ಮೇಲೆ, ಕತ್ತರಿಸುವ ಮುನ್ನ, ಸಮತಟ್ಟಾದ ಫಲಕದ ಮೇಲಿಟ್ಟು ಫಿಲರ್ ಗೇಜ್‌ನಿಂದ ಡೊಂಕು ಅಳೆಯಿರಿ. ರೆಸಿನ್ ಕ್ಯೂರ್ ಆಗುವಾಗ ಕುಗ್ಗುತ್ತದೆ. ಅರೆ ಕ್ಯೂರ್ ಆದ ಅರ್ಧ ತನ್ನ ಕುಗ್ಗುವಿಕೆಯ ಒಂದು ಪಾಲನ್ನು ಮೊದಲೇ ಮುಗಿಸಿರುವುದರಿಂದ, ಹಲಗೆ ಸಾಮಾನ್ಯವಾಗಿ ಹಸಿಯಾಗಿದ್ದ ಕಡೆಗೆ ತಗ್ಗಾಗಿ ಬಾಗುತ್ತದೆ. ಆ ಬಾಗು ಒಳಗೆ ಉಳಿದ ಒತ್ತಡದ ಕುರುಹು.

ಹಂತ 6: ಪರೀಕ್ಷೆಗಳು

ಹೆಚ್ಚಿನವರು ಮೊದಲು ಓಡುವುದು ಎಳೆತದ ಪರೀಕ್ಷೆಗೆ, ಮತ್ತು ಅದರಿಂದಲೇ ಮೋಸ ಹೋಗುವುದು. ಗಾಜಿನ ನಾರಿನ ಬಿಗಿತ ಸುಮಾರು 72 ಗಿಗಾಪಾಸ್ಕಲ್, ಎಪಾಕ್ಸಿಯದ್ದು ಸುಮಾರು 3. ನಾರಿನ ದಿಕ್ಕಿನಲ್ಲಿ ಎಳೆದರೆ ಭಾರವನ್ನೆಲ್ಲ ಹೊರುವುದು ನಾರೇ. ಕೂಡುಮುಖ ಆ ಭಾರಕ್ಕೆ ಸಮಾನಾಂತರವಾಗಿ ಸುಮ್ಮನೆ ಮಲಗಿರುತ್ತದೆ. ಅದು ಎಷ್ಟೇ ಕೆಟ್ಟಿದ್ದರೂ ಐದು ಹಲಗೆಗಳೂ ಹತ್ತಿರ ಹತ್ತಿರದ ಬಲ ತೋರಿಸುತ್ತವೆ. ಅರೆ ಕ್ಯೂರಿಂಗ್‌ನಿಂದ ಬಲಕ್ಕೆ ತೊಂದರೆಯಿಲ್ಲ ಎಂಬ ತೀರ್ಮಾನ ಹಲವು ಪ್ರಾಜೆಕ್ಟ್ ವರದಿಗಳಲ್ಲಿ ಬರುವುದು ಹೀಗೆ. ಎಳೆತದ ಪರೀಕ್ಷೆ ಮಾಡಿ, ಆದರೆ ನಾರುಗಳಿಗೆ ಪೆಟ್ಟಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಮಾತ್ರ.

ಕೂಡುಮುಖವನ್ನು ನಿಜವಾಗಿ ಕೇಳುವ ಪರೀಕ್ಷೆಗಳು ಎರಡು. ಮೊದಲನೆಯದು ಗಿಡ್ಡ ತೊಲೆಯ ಶಿಯರ್ ಪರೀಕ್ಷೆ, ಎಎಸ್‌ಟಿಎಂ ಡಿ 2344. ಉದ್ದ ದಪ್ಪದ ಆರು ಪಟ್ಟು, ಅಗಲ ಎರಡು ಪಟ್ಟು, ಆಧಾರಗಳ ಅಂತರ ನಾಲ್ಕು ಪಟ್ಟು. ನಮ್ಮ 4 ಮಿ.ಮೀ. ಹಲಗೆಗೆ 24, 8 ಮತ್ತು 16 ಮಿ.ಮೀ. ನಿಮಿಷಕ್ಕೆ 1 ಮಿ.ಮೀ. ವೇಗದಲ್ಲಿ ಒತ್ತಿ, ಮುರಿದ ಭಾರದ ಮುಕ್ಕಾಲನ್ನು ಅಗಲ ಮತ್ತು ದಪ್ಪದ ಗುಣಲಬ್ಧದಿಂದ ಭಾಗಿಸಿ. 2400 ನ್ಯೂಟನ್‌ಗೆ ಮುರಿದರೆ 1800ನ್ನು 32ರಿಂದ ಭಾಗಿಸಿ, ಸುಮಾರು 56 ಮೆಗಾಪಾಸ್ಕಲ್. ಪ್ರತಿ ತುಂಡಿನ ಅಂಚನ್ನು ಮಸೂರದಲ್ಲಿ ನೋಡಿ ಬಿರುಕು ನಡುವಿನಲ್ಲೇ ಹೋಯಿತೇ, ಬೇರೆ ಪದರದಲ್ಲೇ, ಅಥವಾ ಭಾರ ಬಿದ್ದ ಕಡೆ ಜಜ್ಜಿಹೋಯಿತೇ ಎಂದು ಬರೆದುಕೊಳ್ಳಬೇಕು. ಜಜ್ಜಿಹೋದದ್ದರ ಅಂಕಿ ಶಿಯರ್ ಬಲದ ಅಂಕಿಯಲ್ಲ.

ಎರಡನೆಯದು ಬಿರುಕನ್ನು ಬಾಯಿ ತೆರೆಸುವ ಡಿಸಿಬಿ ಪರೀಕ್ಷೆ, ಎಎಸ್‌ಟಿಎಂ ಡಿ 5528. ಸುಮಾರು 125 ಮಿ.ಮೀ. ಉದ್ದ, 25 ಮಿ.ಮೀ. ಅಗಲದ ಪಟ್ಟಿಯ ಟೆಫ್ಲಾನ್ ಇರುವ ತುದಿಗೆ ಹಿಂಜ್ ಅಂಟಿಸಿ ಎರಡು ಕಡೆಗೆ ಎಳೆದು, ಬಿರುಕು ಮುಂದುವರಿಯಲು ಬೇಕಾಗುವ ಶಕ್ತಿಯನ್ನು ಅಳೆಯುತ್ತಾರೆ. ಪಟ್ಟಿಯ ಅಂಚಿಗೆ ಬಿಳಿ ತಿದ್ದುವ ದ್ರವ ಬಳಿದು ಮಿ.ಮೀ. ಗೆರೆ ಎಳೆದರೆ ಬಿರುಕಿನ ತುದಿ ಚೆನ್ನಾಗಿ ಕಾಣುತ್ತದೆ. ಈ ಮಾನಕ ರಚಿತವಾಗಿರುವುದು ಒಂದೇ ದಿಕ್ಕಿನ ನಾರುಗಳಿಗೆ. ಬಟ್ಟೆಯಲ್ಲಿ ಬಿರುಕು ನೇಯ್ಗೆಯ ಗಂಟುಗಳಲ್ಲಿ ತಡೆದು ತಡೆದು ಹಾರುತ್ತದೆ, ಆದ್ದರಿಂದ ಅಂಕಿಗಳನ್ನು ನಿಮ್ಮ ಐದು ಹಲಗೆಗಳ ನಡುವಿನ ಹೋಲಿಕೆಗೆ ಮಾತ್ರ ಬಳಸಿ. ನನ್ನ ಲೆಕ್ಕದಲ್ಲಿ ಎರಡರಲ್ಲಿ ಹೆಚ್ಚು ಸೂಕ್ಷ್ಮ ಇದೇ. ಶಿಯರ್ ಪರೀಕ್ಷೆ ಪಾಸಾದ ಕೂಡುಮುಖ ಇಲ್ಲಿ ಸಿಕ್ಕಿಬೀಳುವುದುಂಟು.

ಪ್ರತಿ ಹಲಗೆಯಿಂದ ಕನಿಷ್ಠ ಐದು ತುಂಡುಗಳು. ಅಲ್ಟ್ರಾಸೋನಿಕ್ ತಪಾಸಣೆಯಲ್ಲಿ ಹಲಗೆ ಸರಿಯಾಗಿದೆ ಎಂದು ಬಂದರೆ ಗುಳ್ಳೆ ಮತ್ತು ಬಿಟ್ಟುಹೋದ ಜಾಗಗಳಿಲ್ಲ ಎಂದಷ್ಟೇ ಅರ್ಥ. ಒಂದಕ್ಕೊಂದು ತಾಗಿಯೂ ಅಂಟದ ಮೇಲ್ಮೈಯನ್ನು ಅದು ಕಾಣಲಾರದು.

ಹಂತ 7: ಅಂಕಿಗಳನ್ನು ಓದುವುದು

ಬಲದ ಅಂಕಿಗಳಿಗೆ ಮುನ್ನ ಮೂರು ವಿಷಯಗಳು ಎಲ್ಲ ಹಲಗೆಗಳಲ್ಲೂ ಒಂದೇ ಇವೆಯೇ ನೋಡಿ: ಅಂತಿಮ ಟಿಜಿ, ರೆಸಿನ್ ಪಾಲು, ಗುಳ್ಳೆಯ ಪ್ರಮಾಣ. ಅರೆ ಕ್ಯೂರ್ ಆದ ಅರ್ಧ ಎರಡು ಬಾರಿ ಬ್ಯಾಗ್ ಒಳಗೆ ಹೋಗಿ ಎರಡು ಬಾರಿ ರೆಸಿನ್ ಸೋರಿಸಿರುತ್ತದೆ. ಅದರಲ್ಲಿ ನಾರಿನ ಪಾಲು ಹೆಚ್ಚಾಗಿ, ಹಲಗೆ ತೆಳುವಾಗಿ, ಬಾಗುಬಲದ ಅಂಕಿ ಏರಿದಂತೆ ಕಂಡರೆ ಅದು ಅರೆ ಕ್ಯೂರಿಂಗ್ ತಂದ ಲಾಭವಲ್ಲ.

ಇವು ಸರಿಯಿದ್ದರೆ ಸಾಮಾನ್ಯವಾಗಿ ಕಾಣುವ ಚಿತ್ರ ಹೀಗಿರುತ್ತದೆ: ಜೆಲ್‌ಗೆ ಮೊದಲಿನ ಹಲಗೆಗಳು ಒಟ್ಟಿಗೆ ಕ್ಯೂರ್ ಮಾಡಿದ್ದರ ಸಮಕ್ಕೆ ನಿಲ್ಲುತ್ತವೆ, ಜೆಲ್ ದಾಟಿ ಎಪಾಕ್ಸಿ ಗುಂಪುಗಳು ಇನ್ನೂ ಉಳಿದಿರುವಾಗ ಇಳಿತ ಸಣ್ಣದಿರುತ್ತದೆ, ಪೂರ್ತಿ ಕ್ಯೂರ್‌ನ ಹತ್ತಿರ ಬಂದಂತೆ ಡಿಸಿಬಿ ಅಂಕಿ ಮೇಲ್ಮೈಯ ತಯಾರಿಯ ಮರ್ಜಿಗೆ ಬೀಳುತ್ತದೆ, ತುಂಡಿನಿಂದ ತುಂಡಿಗೆ ಚೆದುರುತ್ತದೆ. ಆ ಚೆದುರುವಿಕೆಯನ್ನು ಸರಾಸರಿಯಲ್ಲಿ ಮುಚ್ಚಿಹಾಕಬೇಡಿ. ವಿನ್ಯಾಸಕಾರ ಹೆದರಬೇಕಾದದ್ದು ಸರಾಸರಿ ಇಳಿದದ್ದಕ್ಕಿಂತ ಅದಕ್ಕೆ. ಎರಡು ಹಲಗೆಗಳ ಸರಾಸರಿಗಳ ಅಂತರ ಅವುಗಳ ಚೆದುರುವಿಕೆಗಿಂತ ಚಿಕ್ಕದಾಗಿದ್ದರೆ ವ್ಯತ್ಯಾಸವಿದೆ ಎಂದು ಬರೆಯುವಂತಿಲ್ಲ. ಬಲ ಸ್ವಲ್ಪ ಏರಿದ ಹಲಗೆ ಸಿಕ್ಕರೂ ಆಶ್ಚರ್ಯವಿಲ್ಲ, ಏಕೆಂದರೆ ಮೊದಲೇ ಆಕಾರ ಹಿಡಿದ ಪದರಗಳು ಎರಡನೇ ಒತ್ತಡದಲ್ಲಿ ಸುಕ್ಕಾಗುವುದಿಲ್ಲ, ಮತ್ತು ದಪ್ಪ ಭಾಗಗಳಲ್ಲಿ ಶಾಖ ಎರಡು ಕಂತುಗಳಲ್ಲಿ ಹೊರಬರುವುದರಿಂದ ಒಳಗು ಅತಿಯಾಗಿ ಕಾಯುವುದಿಲ್ಲ.

ಕೊನೆಗೆ, ಬಿಚ್ಚಿಕೊಂಡ ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಂಕಿಗಳಿಗಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ. ಹರಿದ ನಾರುಗಳು, ಎರಡೂ ಕಡೆ ಅಂಟಿ ಉಳಿದ ರೆಸಿನ್ ಇದ್ದರೆ ಬಿರುಕು ಪದರದೊಳಗೆ ದಾರಿ ಮಾಡಿಕೊಂಡಿದೆ, ಕೂಡುಮುಖ ಪದರಕ್ಕಿಂತ ಬಲವಾಗಿತ್ತು. ಒಂದು ಮುಖದ ಮೇಲೆ ಪೀಲ್ ಪ್ಲೈನ ನೇಯ್ಗೆ ಅಚ್ಚೊತ್ತಿದಂತೆ ಸ್ವಚ್ಛವಾಗಿ, ಹೊಳೆಯುತ್ತ ಕಂಡರೆ ಅಲ್ಲಿ ಕೂಡಿಕೆ ನಡೆದೇ ಇರಲಿಲ್ಲ. ಶಿಯರ್ ಅಂಕಿ ಎಷ್ಟೇ ಚೆನ್ನಾಗಿದ್ದರೂ ಆ ಅವಧಿಯನ್ನು ಪಟ್ಟಿಯಿಂದ ತೆಗೆದುಹಾಕಿ.

ಉದ್ದೇಶಿಸಿದ್ದಕ್ಕಿಂತ ಹೆಚ್ಚು ಕ್ಯೂರ್ ಆಗಿಬಿಟ್ಟರೆ

ಉತ್ಪಾದನೆಯಲ್ಲಿ ಇದು ಆಗಿಯೇ ಆಗುತ್ತದೆ: ಕರೆಂಟ್ ಹೋಗಿ ಬಂದು ಓವನ್ ಗುರಿ ದಾಟುತ್ತದೆ, ಅಥವಾ ಊಟದ ಹೊತ್ತಿನಲ್ಲಿ ಹಲಗೆ ಅಚ್ಚಿನ ಮೇಲೇ ಉಳಿಯುತ್ತದೆ. ಜೊತೆಯಲ್ಲಿಟ್ಟ ಸಾಕ್ಷಿ ತುಂಡಿನಲ್ಲಿ ಕ್ಯೂರ್ ಪ್ರಮಾಣ ಮಿತಿ ಮೀರಿದೆ ಎಂದು ಕಂಡರೆ, ಆ ಭಾಗವನ್ನು ಅರೆ ಕ್ಯೂರ್ ಆದದ್ದೆಂದು ಎಣಿಸಬೇಡಿ. ಕ್ಯೂರ್ ಅನ್ನು ಪೂರ್ತಿ ಮುಗಿಸಿ, ಗಟ್ಟಿ ಭಾಗವನ್ನು ಕೂಡಿಸುವ ಕ್ರಮಕ್ಕೆ ತನ್ನಿ. ಮೇಲ್ಮೈಯನ್ನು 180ರಿಂದ 220 ನಂಬರಿನ ಮರಳುಕಾಗದದಿಂದ, ನಾರು ಹೊರಬೀಳದಷ್ಟು ಹಗುರವಾಗಿ ಉಜ್ಜಿ, ಧೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ನೂಲು ಬಿಡದ ಬಟ್ಟೆಯಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದೇ ದಿಕ್ಕಿನಲ್ಲಿ ಒರೆಸಿ. ನೈಟ್ರೈಲ್ ಕೈಗವಸು, ಮುಖವಸ್ತ್ರ ಬೇಕು. ಎಪಾಕ್ಸಿ ಅಲರ್ಜಿ ಒಮ್ಮೆ ಹಿಡಿದರೆ ಬಿಡುವಂಥದ್ದಲ್ಲ. ಆಮೇಲೆ ಶುದ್ಧ ನೀರನ್ನು ಚಿಮುಕಿಸಿ: ನೀರು ತೆಳುವಾದ ಒಂದೇ ಪೊರೆಯಾಗಿ ಅರ್ಧ ನಿಮಿಷ ನಿಂತರೆ ಮೇಲ್ಮೈ ಶುದ್ಧ, ಕೆಸುವಿನೆಲೆಯ ಮೇಲಿನ ಹನಿಗಳಂತೆ ಗುಂಡಾಗಿ ಉರುಳಿದರೆ ಎಣ್ಣೆಯೋ ಸಿಲಿಕೋನೋ ಇನ್ನೂ ಇದೆ, ಮತ್ತೆ ಒರೆಸಿ. ಪೊರೆ ನಿಂತ ಮೇಲೆ ಓವನ್‌ನಲ್ಲಿ ಪೂರ್ತಿ ಒಣಗಿಸಿ, ಕೂಡುಮುಖದ ಮೇಲೆ ಫಿಲ್ಮ್ ಅಂಟಿನ (ಹಾಳೆಯ ರೂಪದ ಅಂಟು) ಒಂದು ಪದರ ಹಾಸಿ, ಹಸಿ ಪದರಗಳನ್ನು ಅದೇ ಪಾಳಿಯಲ್ಲಿ ಹೇರಿ.